ಮೇಜ್ ಮನೆತನಕ್ಕೆ ನಾನಿಟ್ಟ ಹೆಸರು

"ನಿಮ್ದು ಯಾವ ಬೆಡಗುರೀ ಮೇಡಂ?"

ಕೊಟ್ಟೂರಿಗೆ ಬಂದ ದಿನ ನನಗೆ ಎದುರಾದ ಮೊದಲ ಪ್ರಶ್ನೆ ಇದು. ಕೇಳಿದವರು ನಾನು ಬಾಡಿಗೆಗೆ ಹಿಡಿದಿದ್ದ ಕೋಣೆಯ ಒಡತಿಯ ಮೈದುನ ಕೊಟ್ರಪ್ಪ. ನನ್ನ ಟ್ರಂಕು ಇನ್ನೂ ಹೊಸ್ತಿಲ ಹೊರಗೇ ಇತ್ತು. ನಮ್ಮ ಕಡೆ ಬೆಡಗು ಅಂದರೆ ಒಯ್ಯಾರ, ಬಿನ್ನಾಣ. ಒಬ್ಬಳೇ ಬಂದಿಳಿದ ಇಪ್ಪತ್ತಾರರ ಹೆಂಗಸನ್ನು ಗುರುತಿಲ್ಲದ ಗಂಡಸೊಬ್ಬರು ಹಾಡಹಗಲೇ, ನಾಲ್ಕು ಜನರ ಮುಂದೆ, ನಿನ್ನದು ಯಾವ ಒಯ್ಯಾರ ಎಂದು ಕೇಳುತ್ತಾರಲ್ಲ ಎಂದು ನನ್ನ ಕಿವಿ ಬಿಸಿಯಾಯಿತು. ಇಂಥ ಮಾತನ್ನು ನನ್ನೊಡನೆ ಆಡಕೂಡದು ಎಂದು ಪಾಠ ಮಾಡುವ ಕನ್ನಡದಲ್ಲಿ ಹೇಳಿ, ವಾಪಸು ಹೊರಡಲು ಟ್ರಂಕಿನ ಹಿಡಿ ಎತ್ತಿದೆ. ಅವರು ಕಕ್ಕಾಬಿಕ್ಕಿಯಾಗಿ ಅತ್ತಿಗೆಯ ಮುಖ ನೋಡಿದರು.

ಅತ್ತಿಗೆ ಗಂಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಗುತ್ತ ಹೊರಬಂದರು. ಬೆಡಗು ಅಂದರೆ ಮನೆತನದ ಗುರುತು, ಒಂದೇ ಬೆಡಗಿನವರು ತಮ್ಮೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ, ತಮ್ಮದು ಒಳಕಲ್ಲು ಬೆಡಗು ಎಂದು ಬಿಡಿಸಿ ಹೇಳಿದರು. ನಾನು ನಾಚಿಕೊಂಡು, ನಮ್ಮಲ್ಲೂ ಅಂಥದ್ದಿದೆ, ನಾವು ಬಳಿ ಎನ್ನುತ್ತೇವೆ ಎಂದೆ. ಅವರು ನನ್ನ ಬೋಳು ಕೈ ನೋಡಿ, ಹಂಗಾರ ಬಳಿ ಯಾಕ ಹಾಕ್ಕೊಂಡಿಲ್ಲ ಎಂದರು. ಇಲ್ಲಿಯವರ ಬಾಯಲ್ಲಿ ಮನೆ ಮನಿಯಾಗುತ್ತದೆ, ಬಳೆ ಬಳಿಯಾಗುತ್ತದೆ. ಒಂದೇ ಭಾಷೆಯಲ್ಲಿ ಒಬ್ಬರಿಗೊಬ್ಬರು ಇಷ್ಟು ಅರ್ಥವಾಗದೆ ಇರಬಹುದು ಎಂದು ನನಗೆ ಅವತ್ತು ಗೊತ್ತಾಯಿತು. ನಕ್ಕು ಒಳಗೆ ಹೋದೆ. ಅಷ್ಟಕ್ಕೇ ಬಿಟ್ಟೆ. ಒಂದು ಪದ ಒಂದು ಮನೆಗೆ ಎಷ್ಟು ದೊಡ್ಡದಿರಬಹುದು ಎಂದು ಆಗಲೇ ಯೋಚಿಸಬೇಕಿತ್ತು.

ಊರಿನಿಂದ ನೀವೆಲ್ಲ ಪತ್ರ ಬರೆದು ಕೇಳುತ್ತಲೇ ಇದ್ದೀರಿ: ನಾಲ್ಕು ವರ್ಷವಾಯಿತಲ್ಲ, ಥೀಸಿಸ್ಸೂ ಮುಗಿಯಿತಲ್ಲ, ಇನ್ನೂ ಆ ಬಿಸಿಲಿನಲ್ಲಿ ಏನು ಮಾಡುತ್ತಿದ್ದೀ ಎಂದು. ಪ್ರತಿ ಸಲವೂ ಊಟ, ನೀರು, ಸೆಖೆಯ ಮಾತು ಬರೆದು ಮುಗಿಸಿದ್ದೇನೆ. ಈ ಸಲ ಉಳಿದದ್ದನ್ನೂ ಬರೆಯುತ್ತೇನೆ.

ಮೊದಲು ಊಟ, ನೀರಿನ ಮಾತೇ ಆಗಲಿ. ನಮ್ಮೂರು ಕಾಪುವಿನಲ್ಲಿ ಬಾವಿಗೆ ಕೊಡ ಇಳಿಸಿದರೆ ಸಿಹಿನೀರು. ಇಲ್ಲಿ ಬೋರಿನ ನೀರು ಸವಳು, ಸಾಬೂನು ನೊರೆ ಬರುವುದಿಲ್ಲ, ಮೊದಲ ತಿಂಗಳಲ್ಲೇ ಕೂದಲು ತೆಂಗಿನ ನಾರಿನಂತಾಯಿತು. ನಮ್ಮ ಕೆಂಪು ಕುಚ್ಚಲಕ್ಕಿಯ ಗಂಜಿಯ ಬದಲು ಇಲ್ಲಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ. ಮೂರು ತಿಂಗಳು ಕಲಿತ ಮೇಲೆ ನಾನು ತಟ್ಟಿದ ರೊಟ್ಟಿಯೊಂದು ಹಂಚಿನ ಮೇಲೆ ಉಬ್ಬಿದಾಗ ಗಂಗಮ್ಮ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಅವರು ಮೊಟ್ಟೆಯನ್ನೂ ಮುಟ್ಟದ ಮನೆಯವರು. ನನಗೋ ವಾರ ಕಳೆದರೆ ಮೀನಿನ ನೆನಪಿನಲ್ಲಿ ನಿದ್ದೆ ಬಾರದು. ಒಮ್ಮೆ ಭಾನುವಾರ ಬಸ್ಸು ಹತ್ತಿ ಹಂಪಸಾಗರಕ್ಕೆ ಹೋಗಿ ಹೊಳೆ ಮೀನು ತಿಂದು ಬಂದೆ. ಸಮುದ್ರದ ಮೀನಿಗೆ ಉಪ್ಪು ಮೈಯಲ್ಲೇ ಇರುತ್ತದೆ, ಹೊಳೆಯದಕ್ಕೆ ನಾವು ಹಾಕಬೇಕು. ಆದರೂ ಮುಳ್ಳು ಚೀಪುತ್ತ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದಾಗ ಗಂಗಮ್ಮ ಮೂಗೆತ್ತಿ ನೋಡಿ, ಬಚ್ಚಲಿಗೆ ಬಿಸಿನೀರು ತೋಡಿಟ್ಟರು.

ನಾನು ಸೇರಿದ್ದು ಪದವಿ ಕಾಲೇಜಿಗೆ, ಪ್ರಾಣಿಶಾಸ್ತ್ರದ ಉಪನ್ಯಾಸಕಿಯಾಗಿ. ನಮ್ಮ ಮನೆಮಾತು ತುಳು, ನನ್ನ ಕನ್ನಡವೆಲ್ಲ ಶಾಲೆಯದು. ನಾನು 'ಕುಳಿತುಕೊಳ್ಳಿ' ಎಂದರೆ ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು. ಮೇಡಂ ಪಾಠ ಮಾಡಿದ್ರ ಬಯಲಾಟ ನೋಡಿದಂಗ ಆಗತೈತಿ, ಕಿರೀಟ ಒಂದ ಕಮ್ಮಿ ಎಂದು ಹುಡುಗರು ಆಡಿಕೊಂಡದ್ದನ್ನು ನನಗೆ ತಂದು ಹೇಳಿದವಳು ಗಂಗಮ್ಮನ ಮಗಳು ನೀಲಾ. ಅವಳು ಎರಡನೆಯ ವರ್ಷದ ಬಿ.ಎಸ್ಸಿ. ತರಗತಿಯಲ್ಲಿ ನನ್ನ ಶಿಷ್ಯೆ, ಮನೆಯಲ್ಲಿ ನನ್ನ ಗುರು. ನಾನು ಯಾವ ಮಾತನ್ನು ಎಲ್ಲಿ ಹೇಗೆ ಆಡಬೇಕೆಂದು ಸಂಜೆ ಪಡಸಾಲೆಯಲ್ಲಿ ಕೂತು ತಿದ್ದುತ್ತಿದ್ದಳು. ಹರಪನಹಳ್ಳಿ ಕಡೆಯ ಹಳ್ಳಿಯೊಂದರ ಶಾಲಾ ಮಾಸ್ತರರೊಬ್ಬರೊಡನೆ ಅವಳ ಮದುವೆ ಗೊತ್ತಾಗಿತ್ತು. ಅವರನ್ನು ಎರಡೇ ಸಲ ನೋಡಿದ್ದಳು. ಅವರು ಬರೆದ ಕಾಗದವೊಂದು ಅವಳ ಪ್ರಾಕ್ಟಿಕಲ್ ಪುಸ್ತಕದಲ್ಲಿ, ಜಿರಲೆಯ ಚಿತ್ರದ ಪುಟದಲ್ಲಿತ್ತು.

ನನ್ನ ಟ್ರಂಕಿನಲ್ಲಿ ಬಟ್ಟೆಗಿಂತ ಕಾಗದ ಹೆಚ್ಚಿತ್ತು. ಊರು ಬಿಡುವ ಮೊದಲೇ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೆ. ವಿಷಯ, ಗಡ್ಡೆಗಳಲ್ಲಿ ಕಾಣಿಸಿಕೊಳ್ಳುವ ಒಂದು ಜೀನ್ ಕುಟುಂಬದ ವಿಂಗಡಣೆ, ಅದು ಬೆಳೆದುಬಂದ ದಾರಿ. ಇದರ ಮೊದಲ ಸದಸ್ಯ ಸಿಕ್ಕಿದ್ದು ಚರ್ಮದ ಒಂದು ಬಗೆಯ ಕ್ಯಾನ್ಸರಿನಲ್ಲಿ. ಅದರ ಉದ್ದ ಹೆಸರನ್ನು ಮೊಟಕುಗೊಳಿಸಿ ಮೇಜ್ ಎನ್ನುತ್ತಾರೆ. ಮೇಡಂ ಮೇಜಿನ ಮ್ಯಾಲೆ ಮೇಜು ಇಟ್ಕೊಂಡು ಮೇಜು ಓದತಾರ ಎಂದು ನೀಲಾ ನಗುತ್ತಿದ್ದಳು.

ಯಾವುದೋ ಕಾಲದ ಒಂದೇ ಜೀನು ತನ್ನನ್ನೇ ನಕಲು ಮಾಡಿಕೊಂಡು, ನಕಲಿನ ನಕಲಾಗಿ, ಹತ್ತಾರು ಆದ ಕುಟುಂಬ ಇದು. ನೊಣದಲ್ಲಿ ಒಂದೇ ಒಂದಿದೆ, ಮನುಷ್ಯನಲ್ಲಿ ಒಂದು ದೊಡ್ಡ ಓಣಿಯೇ ಇದೆ. ಹಳೆಯ ಕವಲಿನವು ಮೈಯ ಎಲ್ಲ ಕಡೆ ಎಚ್ಚರವಾಗಿದ್ದು ಕೆಲಸ ಮಾಡುತ್ತವೆ. ಹೊಸ ಕವಲಿನವು ಎಕ್ಸ್ ಎಂಬ ವರ್ಣತಂತುವಿನ ಮೇಲೆ ಗುಂಪುಗುಂಪಾಗಿ ಕೂತಿವೆ. ಗಂಡಿನ ವೃಷಣವೊಂದನ್ನು ಬಿಟ್ಟರೆ ಆರೋಗ್ಯದ ಮೈಯಲ್ಲಿ ಇವು ಹೆಚ್ಚುಕಡಿಮೆ ಮಲಗಿಯೇ ಇರುತ್ತವೆ. ಗಡ್ಡೆ ಬೆಳೆದಾಗ ಏಳುತ್ತವೆ. ಇವು ಇದ್ದ ಮಾತ್ರಕ್ಕೆ ಗಡ್ಡೆ ಬರುತ್ತದೆ ಎಂದಲ್ಲ. ಇವು ಎಲ್ಲರ ಮೈಯಲ್ಲೂ ಇವೆ, ಕಾಪುವಿನವರ ಮೈಯಲ್ಲೂ ಕೊಟ್ಟೂರಿನವರ ಮೈಯಲ್ಲೂ. ಈ ಕೊನೆಯ ವಾಕ್ಯವನ್ನು ಈಗ ಬರೆದಷ್ಟು ದಪ್ಪಗೆ ಆಗ ಬರೆದಿದ್ದರೆ ಸಾಕಿತ್ತು.

ಭಾನುವಾರ ದಾವಣಗೆರೆಗೆ ಹೋಗಿ, ನೆಟ್ ಸೆಂಟರಿನಲ್ಲಿ ಕೂತು, ಈ ಜೀನುಗಳ ಅಕ್ಷರಮಾಲೆಯನ್ನು ಇಳಿಸಿಕೊಂಡು ಮುದ್ರಿಸಿ ತರುತ್ತಿದ್ದೆ. ನಾಲ್ಕೇ ಅಕ್ಷರ, ಮೀಟರುಗಟ್ಟಲೆ ಸಾಲು. ಕೋಣೆಯ ಗೋಡೆಗೆ ಒಂದರ ಕೆಳಗೊಂದು ಅಂಟಿಸಿ, ಎಲ್ಲಿ ಯಾವ ಅಕ್ಷರ ಬದಲಾಗಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುವುದು. ಹೆಚ್ಚು ಹೋಲುವುದನ್ನೆಲ್ಲ ಒಂದೆಡೆ ಸೇರಿಸಿದ್ದೆ. ಆದರೂ ಮೂರು ಜೀನುಗಳು ಯಾವ ಗುಂಪಿನಲ್ಲೂ ನಿಲ್ಲದೆ ನನ್ನನ್ನು ಕಾಡುತ್ತಿದ್ದವು.

ಸುಗ್ಗಿ ಮುಗಿದ ಮೇಲೆ ಒಂದು ದಿನ ಬೀದಿಯಲ್ಲಿ ಗಂಟೆಯ ಸದ್ದಾಯಿತು. ಎತ್ತಿನ ಮೇಲೆ ಕೂತು ಒಬ್ಬ ಹಿರಿಯರು ಬಂದರು. ಹೆಳವರ ಯಲ್ಲಪ್ಪ. ಹೆಳವರೆಂದರೆ ಮನೆಮನೆಯ ವಂಶಾವಳಿಯನ್ನು ಬಾಯಲ್ಲಿಟ್ಟುಕೊಂಡು ಊರೂರು ತಿರುಗುವವರು, ನಮ್ಮ ಕರಾವಳಿಯಲ್ಲಿ ನಾನು ಕಂಡಿರದವರು. ಗಂಗಮ್ಮ ಕಟ್ಟೆಯ ಮೇಲೆ ಕಂಬಳಿ ಹಾಸಿದರು. ಯಲ್ಲಪ್ಪ ಕಣ್ಣು ಮುಚ್ಚಿ, ಗಂಗಮ್ಮನ ಗಂಡನಿಂದ ಹಿಡಿದು ಹಿಂದೆ ಹಿಂದೆ ಹೋದರು. ಯಾರ ಮಗ ಯಾರು, ಯಾವ ಬರದಲ್ಲಿ ಹೊಳಲಿನಿಂದ ಹೊರಟವರು ಯಾರು, ಯಾವ ಅಣ್ಣತಮ್ಮಂದಿರು ಯಾವ ಜಗಳಕ್ಕೆ ಬೇರೆಯಾದರು. ಅರ್ಧ ಗಂಟೆ ಒಂದೂ ತಡೆಯಿಲ್ಲ. ನಾನು ಪುಸ್ತಕ ತಂದು ಗೀಚಿಕೊಂಡೆ. ನಮ್ಮ ಬಳಿ ತಾಯಿಯಿಂದ ಬರುವಂಥದ್ದು, ಇಲ್ಲಿ ಬೆಡಗು ತಂದೆಯಿಂದ. ಗಂಗಮ್ಮನೂ ಮದುವೆಯಾದ ಮೇಲೆಯೇ ಒಳಕಲ್ಲಿನವರಾದದ್ದು. ಆದರೆ ಕವಲೊಡೆಯುವ ರೀತಿ ನನ್ನ ಗೋಡೆಯ ಮೇಲಿನದೇ.

ಅವರು ಎರಡು ಮೂರು ದಿನ ಆ ಬೀದಿಯಲ್ಲಿದ್ದರು. ಬಿಡುವಿದ್ದಾಗ ಕೂತು ಕೇಳಿದೆ. ಎರಡು ಮನೆಗಳು ಒಂದೇ ಮೂಲದವು ಎಂದು ಅವರಿಗೆ ಹೇಗೆ ತಿಳಿಯುತ್ತದೆ? ಮುಖ ನೋಡಿಯೇ? ಅವರು ನಕ್ಕರು.

"ಮಾರಿ ನೋಡಿದ್ರ ಮೋಸ ಹೋಗ್ತೀರಿ ತಾಯಿ. ಮಾರಿ ಯಾರದು ಯಾರಿಗರ ಹೋಲತೈತಿ. ತಪ್ಪು ನೋಡ್ಬೇಕು. ಇಬ್ರ ಮನ್ಯಾಗೂ ಒಂದ ತಪ್ಪು ನಡಕೋತ ಬಂದಿದ್ರ, ಆ ತಪ್ಪು ಮಾಡಿದಾತ ಇಬ್ರಿಗೂ ಹಿರ್ಯಾ."

ಉದಾಹರಣೆಯನ್ನೂ ಕೊಟ್ಟರು. ಈ ಒಳಕಲ್ಲಿನವರೂ ಹಡಗಲಿ ಕಡೆಯ ಇನ್ನೊಂದು ಮನೆಯವರೂ ಹೊಸ ಜೋಳದ ಮೊದಲ ರೊಟ್ಟಿಯನ್ನು ದೇವರಿಗಿಡದೆ ನಾಯಿಗೆ ಹಾಕುತ್ತಾರೆ. ಎಂದೋ ಒಬ್ಬ ಮುದುಕ ಮರೆತು ಹಾಕಿದ್ದು, ಮುಂದಿನವರಿಗೆ ಅದೇ ಪದ್ಧತಿಯಾಯಿತು. ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಅಂದಮೇಲೆ ಇಬ್ಬರೂ ಆ ಮುದುಕನ ಮಕ್ಕಳೇ.

ನನಗೆ ಮೈ ಜುಂ ಎಂದಿತು. ಪುಸ್ತಕಗಳಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಆದರೆ ಗೋಡೆಯ ಮುಂದೆ ನಿಂತಾಗ ಮರೆತಿದ್ದೆ. ಒಟ್ಟಾರೆ ಹೋಲಿಕೆಯನ್ನು ಬಿಟ್ಟು, ಹಂಚಿಕೊಂಡ ತಪ್ಪುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಮತ್ತೆ ಜೋಡಿಸಿದೆ. ಆ ಮೂರು ಜೀನುಗಳು ಒಂದರ ಪಕ್ಕ ಒಂದು ಬಂದು ಕೂತವು. ಒಂದೇ ಜಾಗದಲ್ಲಿ ಮೂರಕ್ಕೂ ಒಂದೇ ಅಕ್ಷರ ಬಿಟ್ಟುಹೋಗಿತ್ತು. ನನ್ನ ಮಾರ್ಗದರ್ಶಕರು ಊರಿನಿಂದ ಬರೆದ ಕಾಗದದಲ್ಲಿ ಮೊದಲ ಬಾರಿಗೆ 'ಚೆನ್ನಾಗಿದೆ' ಎಂದಿತ್ತು. ಕೊಟ್ಟೂರು ನನ್ನದಾಯಿತು ಎಂದು ಅನ್ನಿಸಿದ ದಿನ ಅದು. ಆ ಉಮೇದಿನಲ್ಲೇ ನಾನು ಕೆಟ್ಟದ್ದು.

ಕಾಲೇಜಿನಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇತ್ತು. ನನ್ನ ಮೇಜ್ ವಂಶವೃಕ್ಷವನ್ನು ಕನ್ನಡದಲ್ಲಿ ದೊಡ್ಡ ಚಾರ್ಟ್ ಮಾಡಿ ಹಚ್ಚೋಣ ಎಂದುಕೊಂಡೆ. ಕವಲುಗಳ ನಿಜವಾದ ಹೆಸರು ಬರೀ ಇಂಗ್ಲಿಷ್ ಅಕ್ಷರ, ಅಂಕಿ. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಯಲ್ಲಪ್ಪನವರ ಬಾಯಿಂದ ಬರೆದುಕೊಂಡಿದ್ದ ಬೆಡಗುಗಳ ಹೆಸರನ್ನು ಕವಲುಗಳಿಗಿಟ್ಟೆ. ತೊಗರಿ, ನೆಗ್ಗಿಲು, ಹುತ್ತ, ಒಳಕಲ್ಲು. ಈ ನೆಲದವರಿಗೆ ಈ ನೆಲದ ಹೆಸರಿನಲ್ಲೇ ವಿಜ್ಞಾನ ಹೇಳುತ್ತಿದ್ದೇನೆ ಎಂಬ ಹೆಮ್ಮೆ. ಎಲ್ಲಕ್ಕಿಂತ ದೊಡ್ಡ, ಎಲ್ಲಕ್ಕಿಂತ ಹೊಸ ಕವಲಿಗೆ ಪ್ರೀತಿಯಿಂದ ನಾನಿದ್ದ ಮನೆಯವರ ಬೆಡಗನ್ನಿಟ್ಟೆ. ಅದರ ಕೆಳಗಿನ ಸಾಲು: 'ಗಡ್ಡೆಗಳಲ್ಲಿ ಎಚ್ಚರಗೊಳ್ಳುವ ಗುಂಪು'. ಚಾರ್ಟಿನ ನೆತ್ತಿಯ ಮೇಲೆ: 'ಗಡ್ಡೆಯ ಮನೆತನ'.

ಅಕ್ಷರ ಬರೆದವಳು ನೀಲಾ. ಅವಳ ಕೈಬರಹ ಮುತ್ತಿನಂಥದ್ದು. ಒಳಕಲ್ಲು ಎಂದು ಬರೆಯುವ ಮೊದಲು ಅವಳು ಬ್ರಷ್ ಎತ್ತಿ ಹಿಡಿದು, ನಮ್ಮ ಬೆಡಗು ಇಲ್ಯಾಕ್ರಿ ಮೇಡಂ ಎಂದು ಕೇಳಿದಳು. ದೊಡ್ಡ ಮನೆತನ ಅದು, ನಿಮಗೆ ಗೌರವ ಎಂದೆ. ಅವಳು ಬ್ರಷ್ಷನ್ನು ಮತ್ತೊಮ್ಮೆ ಬಣ್ಣದಲ್ಲಿ ಅದ್ದಿ ಬರೆದಳು. ಗುರು ಹೇಳಿದ ಮೇಲೆ ಶಿಷ್ಯೆ ಇನ್ನೇನು ಮಾಡಿಯಾಳು?

ನನಗೆ ಗೊತ್ತಿರಲಿಲ್ಲ, ನೀಲಾಳ ತಂದೆ ಸತ್ತದ್ದು ಗಂಟಲಿನ ಗಡ್ಡೆಯಿಂದ. ಊರಿಗೆ ಹೊಟ್ಟೆನೋವು ಎಂದು ಹೇಳಿದ್ದರು. ಮನೆಯೊಳಗಿನ ನಾಲ್ಕು ಜನರಿಗೆ ಬಿಟ್ಟರೆ ನಿಜ ಗೊತ್ತಿದ್ದದ್ದು ಯಲ್ಲಪ್ಪನವರೊಬ್ಬರಿಗೆ. ಹೆಳವರಿಗೆ ಯಾರು ಹೇಗೆ ಸತ್ತರು ಎಂಬುದನ್ನೂ ಹೇಳಬೇಕು, ಆದರೆ ಅವರು ಅದನ್ನು ಬಾಯಿಬಿಟ್ಟು ಹಾಡುವುದಿಲ್ಲ. ಅದು ಅವರ ನೇಮ.

ಪ್ರದರ್ಶನಕ್ಕೆ ಸುತ್ತಲ ಊರಿನವರೆಲ್ಲ ಬಂದರು. ಮಾಸ್ತರರ ಚಿಕ್ಕಪ್ಪನೂ ಸೊಸೆಯಾಗುವವಳ ಕಾಲೇಜು ನೋಡೋಣವೆಂದು ಬಂದು, ನನ್ನ ಚಾರ್ಟಿನ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ನಾನು ನೋಡಿದ್ದರೂ ನೋಡಿರಬಹುದು. ಅಂದು ಚಾರ್ಟಿನ ಮುಂದೆ ಯಾರು ನಿಂತರೂ ನನಗೆ ಸಂತೋಷವಾಗುತ್ತಿತ್ತು. ನಾಲ್ಕನೆಯ ದಿನ ಗಂಡಿನ ಕಡೆಯಿಂದ ಮಾತು ಬಂತು. ಹುಡುಗಿಯ ಬೆಡಗಿನಾಗ ಗಡ್ಡಿ ಬ್ಯಾನಿ ಐತಂತ, ಕಾಲೇಜಿನಾಗ ಬರದು ಹಚ್ಚ್ಯಾರ, ನಮಗ ಈ ಸಂಬಂಧ ಬ್ಯಾಡ. ತಂದೆ ಸತ್ತದ್ದೂ ಅದರಿಂದಲೇ ಅಂತಲ್ಲ ಎಂದು ಯಾರೋ ಸೇರಿಸಿದರು. ಆಮೇಲೆ ಊರು ಕೇಳಿದ್ದು ಒಂದೇ ಪ್ರಶ್ನೆ, ಮೇಡಮ್ಮಿಗೆ ಹೇಳಿದವರು ಯಾರು?

ಇನ್ನು ಮುಂದಿನದನ್ನು ನಾನು ದಿನಾ ನೋಡುತ್ತೇನೆ. ಕರಿಹಲಗೆಯ ಕಡೆ ತಿರುಗಿದಾಗ, ರೊಟ್ಟಿ ತಟ್ಟುವಾಗ, ಬಸ್ಸಿಗೆ ಕಾಯುವಾಗ ಅದು ಮೊದಲಿನಿಂದ ಶುರುವಾಗುತ್ತದೆ.

ಮಧ್ಯಾಹ್ನ ಮೂರರ ಸುಮಾರು. ನಾನು ಕಾಲೇಜಿನಿಂದ ಬಂದು ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಿದ್ದೆ. ಬೀದಿಯ ಆ ತುದಿಯಿಂದ, ಸುತ್ತಲ ಹಳ್ಳಿ ತಿರುಗಿ ಆ ವಾರ ಮರಳಿದ್ದ ಯಲ್ಲಪ್ಪನವರ ಎತ್ತು, ಮೇಲೆ ಯಾರೂ ಇಲ್ಲದೆ, ಗಂಟೆ ಗಣಗಣ ಅನ್ನಿಸಿಕೊಂಡು ಓಡಿ ಬಂತು. ಅದರ ಹಿಂದೆ ಜನ. ಹತ್ತು ಹನ್ನೆರಡು ಗಂಡಸರು ಯಲ್ಲಪ್ಪನವರನ್ನು ರಟ್ಟೆ ಹಿಡಿದು ಎಳೆದು ತರುತ್ತಿದ್ದರು. ರುಮಾಲು ಬಿಚ್ಚಿ ಕೊರಳಿಗೆ ಬಿದ್ದಿತ್ತು. ಮುಂದೆ ಕೊಟ್ರಪ್ಪ, ಕೈಯಲ್ಲಿ ತಮ್ಮ ಮಂಡಕ್ಕಿ ಭಟ್ಟಿಯ ಕಬ್ಬಿಣದ ಸಲಾಕೆ. ಅದರ ತುದಿ ಇನ್ನೂ ಕೆಂಪಗಿತ್ತು ಎಂದು ನನಗೆ ನೆನಪು. ಕೆಂಪಗಿರಲಿಲ್ಲ ಎಂದು ಆಮೇಲೆ ನೀಲಾ ಹೇಳಿದಳು. ನನ್ನ ನೆನಪಿನಲ್ಲಿ ಅದು ಇವತ್ತಿಗೂ ಕೆಂಪಗಿದೆ.

ನಮ್ಮ ಬಾಗಿಲ ಮುಂದೆ ನಿಲ್ಲಿಸಿದರು. ಉಂಡ ಮನೆಯ ಸಾವು ಮಾರಿಕೊಂಡಿಯೇನಲೇ ಎಂದು ಕೊಟ್ರಪ್ಪ ಕೇಳುತ್ತಿದ್ದರು. ಯಲ್ಲಪ್ಪ, ನಾನು ಯಾರ ಮುಂದೂ ಅಂದಿಲ್ಲಪ್ಪ, ನನ್ನ ನಾಲಿಗಿ ಸೀಳಿ ನೋಡು ಎಂದರು. ಆಗ ಕೊಟ್ರಪ್ಪ ಸಲಾಕೆಯನ್ನು ಅವರ ಭುಜದ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಮೇಡಂ, ನೀವ ಹೇಳ್ರಿ. ನಮ್ಮ ಬೆಡಗಿನ ಹೆಸರು ನಿಮಗ ಬರಿಸಿದಾತ ಇವನ ಹೌದೋ ಅಲ್ಲೋ?"

ಎಲ್ಲರೂ ನನ್ನನ್ನು ನೋಡಿದರು. ಯಲ್ಲಪ್ಪನವರೂ ನೋಡಿದರು. ಅವರ ಕಣ್ಣಿನಲ್ಲಿ ಹೆದರಿಕೆ ಇರಲಿಲ್ಲ, ನಾನಿದ್ದೇನಲ್ಲ ಎಂಬ ನಿರಾಳ ಇತ್ತು. ಓದಿದವಳು, ಖರೇ ಹೇಳುತ್ತಾಳೆ ಎಂದು.

ಚಾರ್ಟ್ ನನ್ನದು, ತಪ್ಪು ನನ್ನದು, ಅದು ನಿಮ್ಮ ಮನೆತನದ ಮಾತೇ ಅಲ್ಲ. ಇಷ್ಟು ಹೇಳಬೇಕಿತ್ತು. ಸಲಾಕೆ ಯಲ್ಲಪ್ಪನವರ ಭುಜದ ಮೇಲಿತ್ತು, ಆದರೆ ನನಗೆ ಅದರ ಬಿಸಿ ನನ್ನ ಮುಖಕ್ಕೆ ಬಡಿದಂತಾಗಿತ್ತು. ನಾನು ಹೇಳಿದ್ದು ಇದು:

"ಹೌದು, ಹೆಸರುಗಳನ್ನು ಹೇಳಿದ್ದು ಅವರೇ."

ಶುದ್ಧ ಕನ್ನಡ. ಒಂದಕ್ಷರ ಸುಳ್ಳಿಲ್ಲ. ಅದರ ಮುಂದೆ 'ಆದರೆ' ಎಂದೆನೋ ಇಲ್ಲವೋ ಎಂಬುದು ನನಗೆ ಗೊತ್ತಿಲ್ಲ. ಅಂದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ ಎಂದುಕೊಂಡೆ. ಬಾಗಿಲಲ್ಲೇ ಇದ್ದ ನೀಲಾಳನ್ನು ಒಮ್ಮೆ ಕೇಳಿಯೂ ಕೇಳಿದೆ. ಅವಳು ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಮೊದಲ ಏಟು ಯಲ್ಲಪ್ಪನವರ ಬಲಗೈಗೆ ಬಿತ್ತು. ಆ ಸದ್ದು ಒಣ ಕಟ್ಟಿಗೆ ಮುರಿದಂತಿತ್ತು. ಅವರು ಕೂಗಲಿಲ್ಲ, ಕೆಳಗೆ ಕೂತರು. ಇನ್ಯಾರೋ ಕಲ್ಲೆತ್ತಿದರು. ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ, ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು.

ನನ್ನನ್ನು ಪಕ್ಕಕ್ಕೆ ತಳ್ಳಿಕೊಂಡು ಗಂಗಮ್ಮ ಇಳಿದರು. ಕೈಯೆಲ್ಲ ಹಿಟ್ಟು. ಯಲ್ಲಪ್ಪನವರಿಗೂ ಕಲ್ಲಿಗೂ ನಡುವೆ ಹೋಗಿ ನಿಂತು, ಮೈದುನನ ಕೈಯ ಸಲಾಕೆಯನ್ನು ಹಿಟ್ಟಿನ ಕೈಯಿಂದ ಹಿಡಿದರು. ಗಂಡ ಸತ್ತಂದಿನಿಂದ ಬೀದಿಯಲ್ಲಿ ದನಿಯೆತ್ತದ ಹೆಂಗಸು.

"ನನ್ನ ಗಂಡ ಸತ್ತಿದ್ದು ಗಂಟಲ ಗಡ್ಡಿಯಿಂದ. ಹೊಟ್ಟಿಬ್ಯಾನಿ ಅಂತ ನಿಮಗೆಲ್ಲಾ ಸುಳ್ಳು ಹೇಳಿದಾಕಿ ನಾನು. ಹೆಳವ ಹೇಳಿಲ್ಲ. ಈಗ ನಾನ ಹೇಳೀನಿ, ಎಲ್ಲಾರೂ ಕೇಳಿಸ್ಕೊಂಡ್ರಲ್ಲ, ಇನ್ನ ಹೋಗ್ರಿ ಮನಿಗೆ."

ಮಗಳ ಮದುವೆಗೆ ಉಳಿದಿದ್ದ ಒಂದೇ ಎಳೆ ಆ ಗುಟ್ಟು. ಅದನ್ನು ಅವರೇ ಬೀದಿಯಲ್ಲಿ ಹರಿದರು. ಜನ ಒಬ್ಬೊಬ್ಬರಾಗಿ ಕರಗಿದರು. ಕೊಟ್ರಪ್ಪ ಸಲಾಕೆ ಬಿಟ್ಟು ಕಟ್ಟೆಯ ಮೇಲೆ ಕೂತು ಅತ್ತರು. ಯಲ್ಲಪ್ಪನವರನ್ನು ಆಸ್ಪತ್ರೆಗೆ ಕರೆದೊಯ್ದ ಟಂಟಂ ಆಟೋಗೆ ಗಂಗಮ್ಮ ಹತ್ತಿದರು, ನೀಲಾ ಹತ್ತಿದಳು. ನನಗೂ ಜಾಗವಿತ್ತು. ಯಾರೂ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಾನು ಹತ್ತಲಿಲ್ಲ.

ಮರುದಿನ ಎಲ್ಲ ಹೇಳಿದೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಮುಂದೆ, ತರಗತಿಯಲ್ಲಿ, ಭಟ್ಟಿಗೆ ಹೋಗಿ ಕೊಟ್ರಪ್ಪನವರ ಮುಂದೆ. ಅವರು ತಲೆ ಎತ್ತದೆ ಕೇಳಿಸಿಕೊಂಡು, ಇದನ್ನ ನಿನ್ನೆ ಯಾಕ ಹೇಳಲಿಲ್ರಿ ಎಂದರು. ಯಲ್ಲಪ್ಪನವರು ಯಾರ ಮೇಲೂ ದೂರು ಕೊಡಲಿಲ್ಲ. ತಿರುಗುವ ಮನೆಗಳ ಮೇಲೆ ದೂರು ಕೊಟ್ಟರೆ ಮುಂದೆ ತಿರುಗುವುದೆಲ್ಲಿ ಎಂದರಂತೆ.

ಚಾರ್ಟ್ ಸುತ್ತಿಕೊಂಡು ಹರಪನಹಳ್ಳಿ ಬಸ್ಸು ಹತ್ತಿ ಮಾಸ್ತರರ ಊರಿಗೂ ಹೋದೆ. ಅವರ ತಂದೆ ಚಾಪೆ ಹಾಸಿ, ಚಹಾ ಕೊಟ್ಟು, ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಮಾಸ್ತರರು ಬಾಗಿಲ ಮರೆಯಲ್ಲಿ ನಿಂತಿದ್ದರು. ಈ ಜೀನು ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ ಎಂದೆ. ಹಿರಿಯರು ಚಾರ್ಟನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದರು.

"ತಿಳೀತು ಬಿಡ್ರಿ ಮೇಡಂ. ಎಲ್ಲಾರ ಮೈಯಾಗೂ ಐತೆ ಅಂತೀರ. ಆದ್ರೆ ಇದ್ರಾಗೆ ನಮ್ಮ ಬೆಡಗಿನ ಹೆಸರು ಇಲ್ವಲ್ಲ."

ಆ ವರ್ಷವೇ ಮಾಸ್ತರರ ಮದುವೆ ಬೇರೆ ಕಡೆ ಆಯಿತು. ನೀಲಾ ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ಈಗ ಹಡಗಲಿಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳುತ್ತಾಳೆ. ಶನಿವಾರ ಮನೆಗೆ ಬರುತ್ತಾಳೆ, ನನಗೆಂದು ಒಂದು ಮೊಳ ಮಲ್ಲಿಗೆಯನ್ನೂ ತರುತ್ತಾಳೆ. ಚಾರ್ಟಿನ ವಿಷಯ ಅವಳಾಗಿ ಎತ್ತಿದ್ದು ಒಂದೇ ಸಲ. ಮೊದಲ ನೇಮಕಾತಿಯ ಆದೇಶ ಬಂದ ದಿನ, ನಾನು ಅವಳಿಗೆ ಸಿಹಿ ಕೊಡಲು ಹೋದಾಗ. ಸಿಹಿ ತಗೊಂಡು ಮೆಲ್ಲಗೆ ಹೇಳಿದಳು: "ಕೆಳಗ 'ಇವು ಎಲ್ಲಾ ಮನುಷ್ಯಾರಿಗೂ ಅದಾವ' ಅಂತ ಒಂದು ಗೆರಿ ಬರಿ ಅಂದಿದ್ರ ಬರೀತಿದ್ದೆ ಮೇಡಂ. ಜಾಗ ಇತ್ತು."

ಥೀಸಿಸ್ ಒಪ್ಪಿಸುವ ಮೊದಲು ಕೂಡ್ಲಿಗಿ ಹತ್ತಿರ ಯಲ್ಲಪ್ಪನವರ ಊರನ್ನು ಹುಡುಕಿಕೊಂಡು ಹೋದೆ. ಕೈ ಸೊಟ್ಟಗೆ ಕೂಡಿಕೊಂಡಿತ್ತು. ಎತ್ತನ್ನು ಮಗನಿಗೆ ಬಿಟ್ಟುಕೊಟ್ಟಿದ್ದರು. ಕಾಲಿಗೆ ಬಿದ್ದೆ. ಹಿಂದೆ ಸರಿದು, ಊಟ ಆಯಿತೇ ತಾಯಿ ಎಂದು ಕೇಳಿದರು. ಆ ಮೂರು ಜೀನುಗಳನ್ನು ಒಂದು ಮನೆಗೆ ಸೇರಿಸಿದ್ದು ನಿಮ್ಮ ಮಾತು, ಪುಸ್ತಕದಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದೆ. ಅವರು ಸೊಟ್ಟ ಕೈಯನ್ನು ಗಾಬರಿಯಿಂದ ಅಲ್ಲಾಡಿಸಿದರು.

"ಬ್ಯಾಡ್ರಿ, ಬ್ಯಾಡ್ರಿ. ನಾವು ಬಾಯಾಗ ಹೇಳಿದ್ದು ತಪ್ಪಾದ್ರ ಬರೋ ವರ್ಷ ಬಂದು ತಿದ್ದಿ ಹೇಳ್ತೀವಿ. ಬರದಿದ್ದು ಹಂಗಲ್ಲ. ನನ್ನ ಹೆಸರು ಬರೀಬ್ಯಾಡ್ರಿ ತಾಯಿ."

ಬರೆಯಲಿಲ್ಲ. ಥೀಸಿಸ್ಸಿನಲ್ಲಿ ಕವಲುಗಳಿಗೆ ಅಕ್ಷರ, ಅಂಕಿಗಳೇ ಇವೆ. ಪದವಿ ಸಿಕ್ಕಿತು. ಈ ಬರಹದಲ್ಲೂ ಅವರದಾಗಲಿ, ಉಳಿದವರದಾಗಲಿ ನಿಜವಾದ ಹೆಸರಿಲ್ಲ, ಬೆಡಗುಗಳದೂ ಇಲ್ಲ. ಈಗಲಾದರೂ ಅಷ್ಟು ಕಲಿತಿದ್ದೇನೆ.

ಆ ಘಟನೆಯಾದ ವಾರವೇ ಮನೆ ಖಾಲಿ ಮಾಡುತ್ತೇನೆ ಎಂದು ಗಂಗಮ್ಮನಿಗೆ ಹೇಳಿದ್ದೆ. ಅವರು ಕ್ಷಮಿಸಿ ತಡೆದರು ಎಂದುಕೊಳ್ಳಬೇಡಿ. ನೀವು ಹ್ವಾದ್ರ, ಖರೇ ಬರದಳು ಅಂತ ಹೊರಗ ಹಾಕಿದ್ರು ಅಂತೈತಿ ಊರು, ಇಲ್ಲೇ ಇರ್ರಿ, ತಪ್ಪು ಬರದಾಕಿ ಅಂತ ಜನ ದಿನಾ ನಿಮ್ಮನ್ನ ನೋಡ್ಲಿ ಎಂದರು. ಕಟುವಾಗಿ ಅಲ್ಲ, ಅಕ್ಕಿ ಆರಿಸುತ್ತ, ಮನೆಯ ಲಾಭನಷ್ಟ ಯೋಚಿಸುವವರ ದನಿಯಲ್ಲಿ. ಹಾಗೆ ಉಳಿದೆ. ಈಚೆಗೆ ಅವರು ನನ್ನ ತಲೆಗೆ ಎಣ್ಣೆ ಹಚ್ಚುವುದೂ ಉಂಟು. ಅದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಹೋದ ಬೇಸಿಗೆಯಲ್ಲಿ ಊರಿಗೆ ಬಂದಿದ್ದೆನಲ್ಲ, ಉಡುಪಿಯ ಕಾಲೇಜಿನಲ್ಲಿ ಕೆಲಸ ಖಾಲಿಯಿದೆ ಎಂದು ನೀವೇ ಅರ್ಜಿ ತಂದು ಕೊಟ್ಟಿರಿ. ಕಡಲ ಕಡೆಯ ಜಗಲಿಯಲ್ಲಿ ಕೂತು ತುಂಬಿದೆ ಕೂಡ. ಬಂಗುಡೆ ಸಾರು ಉಂಡೆ, ಸಿಹಿನೀರಿನಲ್ಲಿ ಮಿಂದೆ. ದಾರಿಯಲ್ಲಿ ಸಿಕ್ಕವರೆಲ್ಲ ಈಗ ನನ್ನನ್ನು ಡಾಕ್ಟ್ರು ಎನ್ನುತ್ತಾರೆ. ಒಂದು ಸಂಜೆ ಪೇಟೆಯಲ್ಲಿ ಯಾರೋ ಹಿಂದಿನಿಂದ ಎರಡು ಮೂರು ಸಲ "ಡಾಕ್ಟ್ರೇ" ಎಂದು ಕರೆದರು. ನಾನು ತಿರುಗಲಿಲ್ಲ. ಬೇಕೆಂದೇ ಅಲ್ಲ, ಕರೆದದ್ದು ನನ್ನನ್ನು ಎಂದು ತಿಳಿಯಲೇ ಇಲ್ಲ. ಅವರು ಕರೆದ ಆ ಡಾಕ್ಟ್ರು ಯಾವ ತಪ್ಪೂ ಮಾಡದ, ಓದಿ ಬಂದ ಊರಿನ ಮಗಳು. ಅವಳ ಪರಿಚಯ ನನಗಿಲ್ಲ.

ಅರ್ಜಿ ಕಳಿಸದೆ ಹಿಂದಿರುಗಿದೆ. ಬಸ್ಸು ಕೊಟ್ಟೂರಿನ ನಿಲ್ದಾಣದಲ್ಲಿ ನಿಂತಾಗ ಮಂಡಕ್ಕಿ ಮಾರುವಾಕೆ ಪಕ್ಕದವಳಿಗೆ, ನೋಡಲ್ಲಿ, ಚಾರ್ಟ್ ಮೇಡಂ ಬಂದ್ಲು ಎಂದಳು. ನನಗೆ ಇಲ್ಲಿ ಈಗ ಅದೇ ಹೆಸರು. ಮುಖ ಬಿಸಿಯಾಯಿತು. ಹೌದವ್ವ, ಬಂದೆ ಎಂದು ತಿರುಗಿ ಹೇಳಿ ಚೀಲ ಇಳಿಸಿಕೊಂಡೆ.